ಹಸಿ ಮರ

ರಾಸ್ಮುಸ್ ಕೈಗಾಡಿಯ ಗಾಲಿಗೆ ಬೆರಳಗಂಟಿನಿಂದ ಎರಡು ಸಲ ತಟ್ಟಿ, ಕಿವಿಯಿಟ್ಟು ಕೇಳಿದ. ಒಣಗಿದ ಮರವಾಗಿದ್ದರೆ ಟಣ್ ಎನ್ನಬೇಕಿತ್ತು. ಇದು ದೊಪ್ ಎಂದಿತು.

"ಏನಂತೆ? ಹೆಂಡತಿ ಮಾತಿಗಿಂತ ಗಾಲಿ ಮಾತೇ ಹೆಚ್ಚಾಯ್ತು ನಿಂಗೆ," ಎಂದಳು ಡೋರ್ತೆಯಾ, ತಗಡಿನ ತಟ್ಟೆ ತೊಳೆಯುತ್ತ.

"ಹಸಿ ಮರ ಕಣೇ. ಮೊನ್ನೆ ಕಡಿದು ನಿನ್ನೆ ಜೋಡ್ಸಿದಾರೆ. ಒಣ ಬಯಲಿಗೆ ಹೋಗ್ತಿದ್ದ ಹಾಗೆ ಕುಗ್ಗಿ ಬಿಟ್ಕೊಳ್ಳುತ್ತೆ. ದಾರೀಲಿ ರಿಪೇರಿ ಮಾಡ್ತಾ ಕೂತ್ರೆ, ಬೆಟ್ಟ ಹತ್ತೋ ಹೊತ್ತಿಗೆ ಹಿಮ ಬಿದ್ದಿರುತ್ತೆ."

"ನಂಗೆ ಹೇಳಿ ಏನ್ ಬಂತು? ಸಭೇಲಿ ಹೇಳು. ಇಷ್ಟು ಜನದಲ್ಲಿ ಮರ ತಿಳಿದೋನು ನೀನೊಬ್ನೇ."

"ಹೇಳ್ತೀನಿ," ಎಂದ ರಾಸ್ಮುಸ್.

ಡೆನ್ಮಾರ್ಕಿನಲ್ಲಿ ಇಪ್ಪತ್ತು ವರ್ಷ ಗಾಲಿ ಮಾಡಿದವನು ಅವನು. ಮಾರ್ಮನ್ ಎಂಬ ಹೊಸ ಕ್ರೈಸ್ತ ಪಂಥಕ್ಕೆ ಸೇರಿ, ಊರವರ ಬಾಯಿಗೆ ಸಿಕ್ಕಿ, ಕೆಲಸದ ಕೊಟ್ಟಿಗೆ ಮಾರಿ ಕಡಲು ದಾಟಿ ಅಮೆರಿಕಕ್ಕೆ ಬಂದಿದ್ದ. ಆ ಪಂಥದವರ ಪುಣ್ಯಭೂಮಿ ಚೀಯೋನ್ ಇನ್ನೂ ಸಾವಿರ ಮೈಲಿ ಆಚೆ, ಬೆಟ್ಟಗಳ ನಡುವಿನ ಉಪ್ಪುಕೆರೆಯ ಕಣಿವೆಯಲ್ಲಿತ್ತು. ಎತ್ತಿನ ಬಂಡಿ ಕೊಳ್ಳುವ ಗತಿಯಿಲ್ಲದ ನಾನೂರು ಜನ ಕೈಗಾಡಿ ಎಳೆದುಕೊಂಡು ಹೋಗಬೇಕಿತ್ತು. ಆಗಲೇ ಆಗಸ್ಟ್ ಮುಗಿಯುತ್ತ ಬಂದಿತ್ತು.

ಮಧ್ಯಾಹ್ನ ಮಿಸ್ಸೂರಿ ನದಿಯ ದಂಡೆಯಲ್ಲೇ ಸಭೆ ಸೇರಿತು. ತಂಡದ ನಾಯಕ ಸೋದರ ಹ್ಯಾಡ್ಲೆ ಪೆಟ್ಟಿಗೆಯೊಂದರ ಮೇಲೆ ಹತ್ತಿ ನಿಂತ. "ನಾವು ನಂಬಿದ ಕರ್ತ ಹಿಮಾನ ತಡೆದು ನಿಲ್ಲಿಸ್ತಾನೆ. ಚಳಿಗಾಲ ಇಲ್ಲೇ ಕೂತು ಕಳೀಬೇಕಾ? ಈಗ್ಲೇ ಹೊರಡೋಣ ಅನ್ನೋರು ಬಲಗೈ ಎತ್ತಿ."

ಕೈಗಳು ಒಮ್ಮೆಲೇ ಮೇಲೆದ್ದವು. ರಾಸ್ಮುಸ್ ಗಂಟಲು ಸರಿಮಾಡಿಕೊಂಡು ಅರ್ಧ ಎದ್ದ. ಅಷ್ಟರಲ್ಲಿ ಡೋರ್ತೆಯಾಳ ತೊಡೆಯ ಮೇಲಿದ್ದ ಆರು ವರ್ಷದ ಮಗಳು ಸಿಸೆಲ್ ತಾನೂ ಬಲಗೈ ಚಾಚಿದಳು. ಹಿಂದಿದ್ದ ಅಜ್ಜಿಯೊಬ್ಬಳು, "ನೋಡ್ರೋ, ಗುಬ್ಬಚ್ಚಿಗಿರೋ ನಂಬಿಕೆ ಗಡ್ಡ ಬಂದೋರಿಗಿಲ್ಲ!" ಎಂದಳು. ಸುತ್ತಲಿನವರು ನಕ್ಕರು. ರಾಸ್ಮುಸ್‌ಗೆ ಮುಖ ಬಿಸಿಯಾಯಿತು. ಅವನ ಕೈಯೂ ಮೇಲೆ ಹೋಯಿತು.

"ಒಪ್ಪದೋರು?" ಎಂದ ಹ್ಯಾಡ್ಲೆ. ಅದು ಪದ್ಧತಿಗೆಂದು ಕೇಳುವ ಪ್ರಶ್ನೆ. ಅದಕ್ಕೆ ಯಾರೂ ಕೈ ಎತ್ತಿದ್ದನ್ನು ರಾಸ್ಮುಸ್ ಕಂಡಿರಲಿಲ್ಲ. ಡೋರ್ತೆಯಾ ಗಂಡನನ್ನೇ ನೋಡಿದಳು. ಅವನು ನದಿ ನೋಡುತ್ತಿದ್ದ.

ಮೂರನೆಯ ವಾರಕ್ಕೇ ಗಾಲಿಗಳು ಕಿರುಗುಟ್ಟತೊಡಗಿದವು. ಸಂಜೆಯಾದರೆ ರಾಸ್ಮುಸ್ ಗಾಲಿ ಬಿಚ್ಚಿ ಹೊಳೆಯಲ್ಲಿ ನೆನೆಹಾಕುವನು. ಬೆಳಿಗ್ಗೆ ಉಬ್ಬಿದ ಮರ ಮಧ್ಯಾಹ್ನಕ್ಕೆ ಮತ್ತೆ ಸಡಿಲವಾಗುವುದು. ಅಚ್ಚಿಗೆ ಹಚ್ಚಲು ಮೊದಲು ಸೋಪು ಹೋಯಿತು, ಆಮೇಲೆ ತಿನ್ನಬೇಕಿದ್ದ ಹಂದಿಕೊಬ್ಬು ಹೋಯಿತು. ತಂಡಕ್ಕೆಲ್ಲ ಅವನೇ ಬೇಕು, "ಸೋದರ ರಾಸ್ಮುಸ್ ಇಲ್ದಿದ್ರೆ ನಮ್ಮ ಗತಿ ಏನಪ್ಪಾ!" ಎಂದು ಹೊಗಳುವರು. ಆ ಹೊಗಳಿಕೆ ಅವನಿಗೆ ಬೈಗುಳಕ್ಕಿಂತ ಕಡೆಯಾಗಿತ್ತು.

ಅಕ್ಟೋಬರಿನಲ್ಲಿ ಹಿಮ ಬಿತ್ತು. ಕರ್ತ ತಡೆಯಲಿಲ್ಲ. ಜ್ವರ ಬಂದ ಸಿಸೆಲ್‌ಳನ್ನು ಗಾಡಿಯ ಮೇಲೆ ಕೂರಿಸಿ ಹೊಳೆ ದಾಟುವಾಗ ನಡುನೀರಿನಲ್ಲಿ ಎಡಗಾಲಿ ಬಿಚ್ಚಿ ಹೋಯಿತು. ರಾಸ್ಮುಸ್ ಮಗಳನ್ನು ಕೂಡಲೇ ಎತ್ತಿಕೊಂಡ. ಆದರೆ ಆಚೆ ದಡ ಸೇರುವಷ್ಟರಲ್ಲಿ ಅವಳ ನೆನೆದ ಲಂಗ ಹಲಗೆಯಂತೆ ಸೆಟೆದುಕೊಂಡಿತ್ತು. ಮಾರನೆಯ ಬೆಳಿಗ್ಗೆ ಅವಳು ಏಳಲಿಲ್ಲ. ಗಾಡಿಯ ಹಲಗೆ ಕಿತ್ತು ಅವನೇ ಪೆಟ್ಟಿಗೆ ಮಾಡಿದ. ಅಷ್ಟು ಹೊತ್ತಿಗೆ ಮರ ಚೆನ್ನಾಗಿ ಒಣಗಿತ್ತು. ಮೊಳೆ ಹೊಡೆದಾಗಲೆಲ್ಲ ಟಣ್ ಎನ್ನುತ್ತಿತ್ತು.

ಕಣಿವೆ ಸೇರಿದ ಮೇಲೆ ಡೋರ್ತೆಯಾ ಒಂದು ದಿನವೂ ಆ ಮಾತೆತ್ತಲಿಲ್ಲ. ರೊಟ್ಟಿ ಸುಟ್ಟಳು, ಉಣ್ಣೆ ನೂತಳು. ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟಳು. ಒಂದು ಸಲ ಎದೆ ಬಡಿದುಕೊಂಡು ಬೈದಿದ್ದರೆ ರಾಸ್ಮುಸ್ ಬದುಕಿಕೊಳ್ಳುತ್ತಿದ್ದ.

ಏಪ್ರಿಲ್‌ನ ಒಂದು ಭಾನುವಾರ ಕಣಿವೆಯ ಬಿಷಪ್ ಟೆನಂಟ್ ಸಭೆಯಲ್ಲಿ ಕೆಲಸಕ್ಕೆ ನೇಮಿಸಿದವರ ಚೀಟಿ ಬಿಚ್ಚಿದ. ಇಲ್ಲಿ ಯಾರನ್ನೂ ಮೊದಲೇ ಕೇಳುವುದಿಲ್ಲ. ಹೆಸರು ಓದಿದರೆ ಆಯಿತು. "ಬರೋ ವರ್ಷದ ಮಂದಿಗೂ ಕೈಗಾಡಿ ಬೇಕು. ಗಾಡಿ ಕೆಲಸದ ಮೇಸ್ತ್ರಿಯಾಗಿ ಸೋದರ ರಾಸ್ಮುಸ್ ಮಿಸ್ಸೂರಿ ದಂಡೆಗೆ ಹೋಗ್ತಾರೆ. ದಾರೀಲಿ ಅವರ ಕೈಗುಣ ಹೇಗಿತ್ತು ಅಂತ ನಾವೆಲ್ಲ ಕೇಳಿದೀವಿ. ಒಪ್ಪೋರು ಬಲಗೈ ಎತ್ತಿ."

ಎಲ್ಲರ ಕೈಗಳೂ ಎದ್ದವು.

"ಒಪ್ಪದೋರು?" ಎನ್ನುತ್ತ ಬಿಷಪ್ ಆಗಲೇ ಚೀಟಿ ಮಡಿಸುತ್ತಿದ್ದ.

ಒಂದು ಕೈ ಮೇಲಿತ್ತು. ಅದು ರಾಸ್ಮುಸ್‌ನದೇ.

"ಪಾಪ, ಅವರಿಗಿನ್ನೂ ನಮ್ ಭಾಷೆ ಬರಲ್ಲ. ತಮಗೇ ತಾವು ಅಡ್ಡ ನಿಂತಿದಾರೆ!" ಎಂದು ಪಕ್ಕದವನು ನಕ್ಕ. ಬಿಷಪ್ ಕೂಡ ನಗುತ್ತ, "ಕೈ ಇಳಿಸಿ ಸೋದರಾ," ಎಂದ.

ರಾಸ್ಮುಸ್ ಎದ್ದು ನಿಂತ. "ಮರ ಹಸಿ ಇತ್ತು. ಹೊರಡೋಕ್ ಮುಂಚೇನೇ ನಂಗೆ ಗೊತ್ತಿತ್ತು. ಹೇಳ್ತೀನಿ ಅಂತ ಎದ್ದೋನು ಹೇಳ್ಲಿಲ್ಲ," ಎಂದ.

ನಗು ನಿಂತಿತು. ಅದೇ ದಾರಿಯಲ್ಲಿ ಗಂಡನನ್ನು ಮಣ್ಣು ಮಾಡಿ ಬಂದಿದ್ದ ಹೆಂಗಸೊಬ್ಬಳು ಎದ್ದು, ಯಾರ ಮುಖವನ್ನೂ ನೋಡದೆ, ಬಾಗಿಲು ದೂಡಿಕೊಂಡು ಹೊರಟುಹೋದಳು. ಬಿಷಪ್ ಮಡಿಸಿದ ಚೀಟಿಯನ್ನು ಮತ್ತೆ ಬಿಚ್ಚಿ ನೋಡಿದ.

ರಾಸ್ಮುಸ್ ಕುಳಿತ. ಕೈ ಮಾತ್ರ ಹಾಗೇ ಮೇಲಿತ್ತು, ಇಳಿಸುವುದೇ ಅವನಿಗೆ ಮರೆತುಹೋದಂತಿತ್ತು. ಸ್ವಲ್ಪ ಹೊತ್ತು ನೋಡಿ ಡೋರ್ತೆಯಾ ಎರಡೂ ಕೈಗಳಿಂದ ಅದನ್ನು ಹಿಡಿದು ಮೆಲ್ಲಗೆ ಕೆಳಗಿಳಿಸಿದಳು. ಸಿಸೆಲ್ ಕೂರುತ್ತಿದ್ದ ತೊಡೆಯ ಮೇಲೆ ಇಟ್ಟುಕೊಂಡಳು. ಸಭೆ ಮುಗಿಯುವವರೆಗೂ ಬಿಡಲಿಲ್ಲ.