ಗುಂಡಮ್ಮನ ಹೆಸರಿನಲ್ಲಿ ಹೋದವನು

ನಾನು ಗಾಜಿಗೆ ಬಾಯಿ ಅಂಟಿಸಿಕೊಂಡು ಪಾಚಿ ತಿನ್ನುವ ಒಂದು ಕಪ್ಪು ಮೀನು. ಅಂಗಡಿಯವರು ನನ್ನನ್ನು ಕ್ಯಾಟ್‌ಫಿಶ್ ಜಾತಿಗೆ ಸೇರಿಸುತ್ತಾರೆ. ಹುಟ್ಟಿದ್ದು ಮೈಸೂರಿನ ಒಂದು ಓಣಿಯಲ್ಲಿ, ಹೂವಮ್ಮನವರ ನಡುಮನೆಯ ಗಾಜಿನ ತೊಟ್ಟಿಯಲ್ಲಿ, ಅಡ್ಡ ಮಲಗಿಸಿದ ಮಣ್ಣಿನ ಕುಡಿಕೆಯೊಳಗೆ. ನಮ್ಮಲ್ಲಿ ಬಾಣಂತನ ಗಂಡಿನದು. ಅಮ್ಮ ಮೊಟ್ಟೆಯಿಟ್ಟು ಹೊರಟಳು. ಅಪ್ಪ ಊಟ ಬಿಟ್ಟು ಕುಡಿಕೆಯ ಬಾಯಿಗೆ ಅಡ್ಡ ಕೂತು, ರೆಕ್ಕೆಯಿಂದ ಮೊಟ್ಟೆಗಳಿಗೆ ನೀರು ಬೀಸುತ್ತಲೇ ಇದ್ದ. ಅವನ ಮೂತಿಯ ತುಂಬ ಕವಲೊಡೆದ ಗಡ್ಡ. ಕಣ್ಣು ಬಿಟ್ಟಾಗ ನಾನು ಮೊದಲು ಕಂಡದ್ದು ಆ ಗಡ್ಡವನ್ನೇ.

ನನಗೂ ಗಡ್ಡ ಚಿಗುರುವ ಹೊತ್ತಿಗೆ ಅಮ್ಮ ಸತ್ತಳು. ಅಪ್ಪ ಒಂಟಿಯಾದ.

ಪಕ್ಕದ ಮನೆಯಲ್ಲಿ ಬ್ಲೌಸು ಹೊಲಿಯುವ ಸುಗುಣಮ್ಮ ಇದ್ದರು. ಅವರ ಹತ್ತಿರ ಉಗುರಿನಷ್ಟಿದ್ದಾಗಿಂದ ಸಾಕಿದ ಒಂದು ಹೆಣ್ಣು ಮೀನಿತ್ತು, ಗುಂಡಮ್ಮ. ಗಂಡಾದರೆ ಮೂತಿಯ ನಡುವೆ ಗಡ್ಡ, ಹೆಣ್ಣಾದರೆ ನುಣುಪು ಮುಖ, ಮೇಲಿನಿಂದ ನೋಡಿದರೆ ಗುಂಡನೆಯ ಹೊಟ್ಟೆ. ಈ ಗುರುತನ್ನು ಅವರಿಗೆ ಹೇಳಿಕೊಟ್ಟವರು ಹೂವಮ್ಮನೇ. ಗುಂಡಮ್ಮನ ಮರಿಗಳನ್ನು ನೋಡಬೇಕೆಂಬುದೊಂದೇ ಸುಗುಣಮ್ಮನ ಆಸೆ. ಹುಟ್ಟದ ಮರಿಗಳಿಗಾಗಿ ಕಲ್ಲುಗಳನ್ನು ನೀರಿನಲ್ಲಿ ಬಿಸಿಲಿಗಿಟ್ಟು, ಆಗಲೇ ಪಾಚಿ ಬೆಳೆಸಿಟ್ಟಿದ್ದರು.

ಒಂದು ಬೆಳಿಗ್ಗೆ ಸ್ಟೀಲಿನ ಡಬ್ಬಿಯ ಮುಚ್ಚಳಕ್ಕೆ ಕುಂಕುಮವಿಟ್ಟು, ಒಳಗೆ ಗುಂಡಮ್ಮನನ್ನು ತಂದರು.

"ಹೆಣ್ಣು ಒಪ್ಪಿಸ್ತಾ ಇದೀನಿ ಬೀಗರೇ, ಚೆನ್ನಾಗಿ ನೋಡ್ಕೊಳ್ಳಿ."

"ಅಯ್ಯೋ ಬನ್ನಿ! ನಮ್ಮ ಹುಡುಗ ಗಡ್ಡ ಬಿಟ್ಕೊಂಡು ಸನ್ಯಾಸಿ ಆಗೋದರಲ್ಲಿದ್ದ."

ಇಬ್ಬರೂ ಬಿದ್ದು ಬಿದ್ದು ನಕ್ಕರು. ಅಂದಿನಿಂದ ಓಣಿಗೆಲ್ಲ ಅವರು ಬೀಗರೇ ಆದರು. ಮರಿಗಳಲ್ಲಿ ಅರ್ಧರ್ಧ, ಗುಂಡಮ್ಮ ಮಾತ್ರ ತವರಿಗೆ ವಾಪಸ್ಸು ಎಂದು ಮಾತಾಯಿತು.

ಹೂವಮ್ಮ ದಿನವೂ ಸೌತೆಕಾಯಿ ಹೋಳು ಹಾಕಿದರು. ಮಳೆ ಬಂತೆಂದು ನಂಬಿ ಮೊಟ್ಟೆಯಿಡಲಿ ಅಂತ ತಣ್ಣೀರು ಸುರಿದರು. ಗುಂಡಮ್ಮ ಕುಡಿಕೆ ಹೊಕ್ಕು ಕಿತ್ತಳೆ ಬಣ್ಣದ ಮೊಟ್ಟೆಯ ಗೊಂಚಲಿಟ್ಟಳು. ಅಪ್ಪ ಮತ್ತೆ ಬೀಸಲು ಕೂತ. ಸುಗುಣಮ್ಮ ನೋಡಲು ಬಂದರೆ ತೊಟ್ಟಿಯ ಮೇಲೆ ಟವೆಲ್ಲು.

"ಇಣುಕಬೇಡಿ, ಗಂಡು ಬೆಚ್ಚುತ್ತೆ," ಎಂದರು ಹೂವಮ್ಮ. ಆಮೇಲೊಂದು ದಿನ, "ಏನು ಮಾಡೋದು ಬೀಗರೇ, ಮೊಟ್ಟೆಗೆ ಬೂಸು ಹಿಡಿದುಬಿಡ್ತು."

ಟವೆಲ್ಲಿನ ಹಿಂದೆ ಮರಿಗಳು ಗಾಜಿನ ತುಂಬ ಅಂಟಿಕೊಂಡಿದ್ದವು.

ಇಷ್ಟು ಮರಿ ಕೊಡುವ ಹೆಣ್ಣನ್ನು ಬಿಟ್ಟುಕೊಡಲು ಹೂವಮ್ಮನಿಗೆ ಮನಸ್ಸು ಬರಲಿಲ್ಲ. ಮರುದಿನ ನನ್ನನ್ನು ಒದ್ದೆಬಟ್ಟೆಯಲ್ಲಿ ಸುತ್ತಿ, ಚಿಕ್ಕ ಕತ್ತರಿಯಿಂದ ನನ್ನ ಗಡ್ಡ ಕತ್ತರಿಸಿದರು. ಹಸಿವಾದಾಗ ನಾನು ನಂಬಿ ಹತ್ತಿರ ಹೋಗುತ್ತಿದ್ದ ಕೈ ಅದು. ಅದೇ ಸ್ಟೀಲಿನ ಡಬ್ಬಿಯಲ್ಲಿ, ಗುಂಡಮ್ಮನೆಂದು ನನ್ನನ್ನು ಒಪ್ಪಿಸಿದರು.

"ಹೊಟ್ಟೆ ಇಳಿದುಹೋಗಿದೆಯಲ್ಲ," ಎಂದರು ಸುಗುಣಮ್ಮ.

"ಹೆತ್ತವಳಲ್ವೇ."

ಆ ಮಾತಿಗೆ ಸುಗುಣಮ್ಮ ಕರಗಿಹೋದರು. "ಬಾ ಗುಂಡಮ್ಮ, ಸೊರಗಿದೀಯ" ಎಂದು ಎಳೆ ಸೌತೆಕಾಯಿ ಕೊಟ್ಟರು, ನನ್ನ ಕಳೆದುಹೋದ ಮೊಟ್ಟೆಗಳಿಗಾಗಿ ಕಣ್ಣೊರೆಸಿಕೊಂಡರು. ಇನ್ನೊಬ್ಬಳ ಹೆಸರಿಗೆ ಬಂದ ಪ್ರೀತಿಯನ್ನು ನಾನು ತಿಂದೆ. ಬೇಡವೆನ್ನಲು ನನಗೆ ಬಾಯೆಲ್ಲಿತ್ತು?

ಒಂದೆರಡು ತಿಂಗಳು ಕಳೆದು ಅವರು ನನಗಾಗಿ ಅಂಗಡಿಯಿಂದ ಒಂದು ಗಂಡು ತಂದರು. ಹೊಸ ಕುಡಿಕೆ, ತಣ್ಣೀರು, ಎಲ್ಲ ಅಣಿ ಮಾಡಿದರು. ಒಂದು ಕುಡಿಕೆಗೆ ಎರಡು ಗಂಡು! ಸಂಜೆಯೊಳಗೆ ಅವನು ನನ್ನ ಬೆನ್ನಿನ ರೆಕ್ಕೆ ಹರಿದಿದ್ದ. ಗಾಯ ನೋಡಲು ಸುಗುಣಮ್ಮ ನನ್ನನ್ನು ಪಾರದರ್ಶಕ ಡಬ್ಬಿಗೆ ಹಾಕಿ, ಕನ್ನಡಕ ಏರಿಸಿ, ಬೆಳಕಿಗೆ ಹಿಡಿದರು.

"ಇದೇನೇ ಗುಂಡಮ್ಮ, ನಿನಗೆ ಗಡ್ಡ!"

ನಕ್ಕರು. ಮತ್ತೆ ನೋಡಿದರು. ನಗು ನಿಂತಿತು. ಮೂತಿಯ ನಡುವೆ ಚಿಗುರುತ್ತಿದ್ದ ಮೋಟುಗಳ ತುದಿ ಇನ್ನೂ ಒಂದೇ ನೇರಕ್ಕಿತ್ತು. ಕತ್ತರಿ ಬಿದ್ದ ಅಂಚು ಹೇಗಿರುತ್ತದೆಂದು ಬ್ಲೌಸು ಹೊಲಿಯುವವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಡಬ್ಬಿಯ ಸಮೇತ ಪಕ್ಕದ ಮನೆಗೆ ನಡೆದರು. ಟವೆಲ್ಲು ತಾವೇ ಎಳೆದರು. ಅಲ್ಲಿ ಗುಂಡಮ್ಮ, ಬಡಕಲಾಗಿ, ಮೂಲೆಯಲ್ಲಿ. ಸುತ್ತ ಎರಡು ಮೂರು ಸೂಲಿನ ಮರಿಗಳು, ಚಿಕ್ಕವು ದೊಡ್ಡವು.

"ಕೇಳಿದ್ರೆ ನಾಲ್ಕು ಮರಿ ಕೊಡ್ತಿರಲಿಲ್ವೇ ಬೀಗರೇ?" ಎಂದರು ಹೂವಮ್ಮ. "ಒಂದು ಮೀನಿಗೆ ಇಷ್ಟು ಮುಖ ಊದಿಸ್ಕೋತೀರಲ್ಲ!"

"ಮೊಟ್ಟೆ ಹೋಯ್ತು ಅಂದಾಗ ನಿಮ್ಮ ಮುಂದೇನೇ ಅತ್ತಿದ್ದೆ ಹೂವಮ್ಮ. ನೀವೇ ನನ್ನ ಬೆನ್ನು ಸವರಿದ್ರಿ."

ಸುಗುಣಮ್ಮ ಗುಂಡಮ್ಮನನ್ನು ಬಲೆಯಲ್ಲಿ ಎತ್ತಿಕೊಂಡರು.

"ನಮ್ಮ ಗಂಡನ್ನಾದರೂ ಬಿಟ್ಟು ಹೋಗಿ," ಎಂದರು ಹೂವಮ್ಮ.

"ಇವನ ಮುಖಕ್ಕೆ ಕತ್ತರಿ ಹಾಕಿದ ಕೈಗೆ ಕೊಡಲ್ಲ."

ಅಂಗಡಿಯ ಗಂಡು ಅಂಗಡಿಗೆ ಹೋದ. ಗುಂಡಮ್ಮ ಮತ್ತೆ ಗುಂಡಗಾಗಲಿಲ್ಲ. ಬಿಡುವಿಲ್ಲದೆ ಹೆತ್ತ ಮೈ, ಮೊಟ್ಟೆ ಕಟ್ಟಲಿಲ್ಲ. ಈಗ ನಾವಿಬ್ಬರೂ ಮುದುಕರು. ಬಿಸಿಲಿನಲ್ಲಿ ಬೆಳೆಸಿದ ಪಾಚಿಯನ್ನು ನಾವೇ ತಿನ್ನುತ್ತೇವೆ. ನನ್ನ ಗಡ್ಡ ಅಪ್ಪನದಕ್ಕಿಂತ ದಟ್ಟವಾಗಿದೆ. ಕತ್ತರಿಸಿದ್ದು ಬೆಳೆಯುತ್ತದೆ, ನನ್ನ ಮಟ್ಟಿಗೆ. ಒಮ್ಮೊಮ್ಮೆ ಕುಡಿಕೆಯ ಬಾಯಿಗೆ ಅಡ್ಡ ಕೂತು ಬರಿಯ ನೀರನ್ನು ಬೀಸುತ್ತೇನೆ.

ಮೊನ್ನೆ ಸುಗುಣಮ್ಮ ಸೌತೆಕಾಯಿ ಹಾಕುತ್ತಿದ್ದಾಗ ಗೋಡೆಯಾಚೆಯಿಂದ ಕೂಗು ಬಂತು: "ಬೀಗರೇ, ಇದೀರಾ?"

ಅವರ ಕೈ ನೀರಿನ ಮೇಲೆ ತಡೆಯಿತು. ಉತ್ತರ ತುಟಿಯವರೆಗೆ ಬಂದದ್ದನ್ನು ಕೆಳಗಿನಿಂದ ನಾನು ಕಂಡೆ. ಆಮೇಲೆ ಹೋಳನ್ನು ಮೆಲ್ಲಗೆ ಬಿಟ್ಟು, ನೆರಿಗೆಗೆ ಕೈ ಒರೆಸಿಕೊಂಡು, ಹೊಲಿಗೆ ಯಂತ್ರದ ಮುಂದೆ ಕೂತು ತುಳಿಯತೊಡಗಿದರು. ಆ ಸದ್ದಿನಲ್ಲಿ ಎರಡನೇ ಕೂಗು ಕೇಳಿಸಲಿಲ್ಲ.