ಮಂಚದಷ್ಟು ದೊಡ್ಡ ಇರುವೆ

ಉಸಿರಾಟದ ತೊಂದರೆಯಿಂದ ಆಸ್ಪತ್ರೆ ಸೇರಿದ ಆರು ವರ್ಷದ ಹುಡುಗಿಯ ಕೈಗೆ ಡ್ರಿಪ್ಪಿನ ಸೂಜಿ ಹಾಕಲು ನಾಲ್ಕು ಜನ ದೊಡ್ಡವರು ಅವಳನ್ನು ಮಂಚಕ್ಕೆ ಒತ್ತಿ ಹಿಡಿದರು. ತಾಯಿಯನ್ನು ಹೊರಗೆ ಕಳಿಸಿ ಬಾಗಿಲು ಹಾಕಿದರು.

ಎಡಗೈ ಹಿಡಿದಿದ್ದವಳು ವಾರ್ಡಿನ ಹಿರಿಯ ನರ್ಸು. ಇಪ್ಪತ್ತೆರಡು ವರ್ಷದಿಂದ ಸೂಜಿಯ ಹೊತ್ತಿಗೆ ಅವಳ ಬಾಯಲ್ಲಿ ಒಂದೇ ಮಾತು: "ಏನಿಲ್ಲ ಪುಟ್ಟಿ, ಇರುವೆ ಕಚ್ಚಿದ ಹಾಗೆ." ಹೊಸದಾಗಿ ಸೇರಿದವರಿಗೂ ಅದನ್ನೇ ಕಲಿಸಿದ್ದಳು. ಕೆಟ್ಟವಳಲ್ಲ, ರಜೆಯ ದಿನವೂ ಬಂದು ಮಕ್ಕಳ ಹಣೆ ಮುಟ್ಟಿ ನೋಡಿ ಹೋಗುವಂಥವಳು.

ನಾಲ್ಕನೇ ದಿನಕ್ಕೆ ಹುಡುಗಿಯ ಉಸಿರು ಹದಕ್ಕೆ ಬಂತು. ಔಷಧಿ ಇನ್ನೂ ಕೆಲವು ದಿನ ಬಾಕಿಯಿತ್ತು. ಆಗ ಬಂದವಳು ಸಂಶೋಧಕಿ. ಆಸ್ಪತ್ರೆಯಲ್ಲಿ ಮಕ್ಕಳಿಗೆ, ಮನೆಯವರಿಗೆ ಯಾವುದು ಕಷ್ಟವಾಯಿತು, ಯಾವುದು ಹಿತವಾಯಿತು ಎಂದು ಕೇಳಿ ಬರೆದುಕೊಳ್ಳುವುದು ಅವಳ ಕೆಲಸ.

"ಕಷ್ಟ ಏನೂ ಇಲ್ಲಮ್ಮ," ಎಂದಳು ತಾಯಿ. "ಮಗು ಉಳೀತು. ನಮ್ಮ ಪಾಲಿಗೆ ಇವರೇ ದೇವರು. ಹಾಗಂತ ಬರ್ಕೊಳ್ಳಿ."

"ಊಟಕ್ಕೂ ಬಿಡುವಿಲ್ಲದ ದೇವರು," ಎಂದು ಡ್ರಿಪ್ ಸರಿಮಾಡುತ್ತಿದ್ದ ನರ್ಸು ನಕ್ಕಳು.

ಸಂಶೋಧಕಿ ಹುಡುಗಿಗೆ ಕಾಗದ, ಬಣ್ಣದ ಪೆನ್ಸಿಲ್ಲು ಕೊಟ್ಟಳು. ಹುಡುಗಿ ತಲೆ ಎತ್ತದೆ ಚಿತ್ರ ಬರೆದಳು: ಒಂದು ಮಂಚ, ಮಂಚದ ತುಂಬ ಆರು ಕಾಲಿನ ಕಪ್ಪು ಪ್ರಾಣಿ, ಮುಚ್ಚಿದ ಬಾಗಿಲು, ಬಾಗಿಲಾಚೆ ಎರಡು ಚಪ್ಪಲಿ.

"ಇದೇನೇ ಇದು, ಎಮ್ಮೆನಾ?" ಎಂದಳು ನರ್ಸು.

"ಇರುವೆ. ನೀವೇ ಹೇಳಿದ್ರಲ್ಲ, ಕಚ್ಚುತ್ತೆ ಅಂತ."

ತಾಯಿಗೆ ಆಗ ಹೊಳೆಯಿತು. ಮೂರು ದಿನದಿಂದ ಗೋಡೆಯಂಚಿನ ಇರುವೆ ಸಾಲು ಕಂಡು ಮಗಳು ನೆಲಕ್ಕೆ ಕಾಲಿಟ್ಟಿರಲಿಲ್ಲ. ಬಚ್ಚಲಿಗೂ ಎತ್ತಿಕೊಂಡೇ ಹೋಗಬೇಕಿತ್ತು.

"ಚಪ್ಪಲಿ ಯಾರದು?" ಎಂದಳು ಸಂಶೋಧಕಿ.

"ಅಮ್ಮಂದು. ಎಷ್ಟು ಕರೆದ್ರೂ ಬರಲಿಲ್ಲ."

ತಾಯಿ ಸೆರಗಿನಿಂದ ಮುಖ ಒರೆಸಿಕೊಂಡಳು. "ಅದನ್ನ ಬರ್ಕೋಬೇಡಿ. ಜೀವ ಉಳಿಸಿದವರ ಮೇಲೆ ದೂರು ಹೇಳಿದ ಹಾಗಾಗುತ್ತೆ."

"ನಿಮ್ಮ ಉಪಕಾರಸ್ಮರಣೆಯನ್ನೂ ಬರಿತೀನಿ, ಇದನ್ನೂ ಬರಿತೀನಿ ಅಕ್ಕ. ಎರಡೂ ನಿಜ ತಾನೆ?"

ನರ್ಸು ಡ್ರಿಪ್ ಬಿಟ್ಟು ಇತ್ತ ತಿರುಗಿದಳು. "ಬರ್ಕೊಳ್ಳಿ. ಇರುವೆ ಅಂದವಳು ನಾನೇ ಅಂತಲೂ ಬರ್ಕೊಳ್ಳಿ." ಆಮೇಲೆ ಮಂಚದ ಪಕ್ಕ ಕುಕ್ಕರಗಾಲಲ್ಲಿ ಕೂತಳು. "ಹೇಳಿದ್ದು ದೊಡ್ಡ ಉಪಕಾರ ಕಣೇ. ಇಷ್ಟು ವರ್ಷ ಯಾರೂ ನಂಗೆ ಹೇಳಿರಲಿಲ್ಲ."

"ಸುಳ್ಳು ಹೇಳಿದ್ರಾ?"

"ಹೂಂ. ಸೂಜಿ ನೋಯುತ್ತೆ. ಹತ್ತು ಎಣಿಸೋ ಅಷ್ಟು ಹೊತ್ತು. ಇರುವೆ ಪಾಪದ್ದು."

ಹುಡುಗಿ ಬಹಳ ಹೊತ್ತು ಗೋಡೆಯಂಚನ್ನೇ ನೋಡಿದಳು. ಆಮೇಲೆ ಒಂದು ಕಾಲು ಕೆಳಗಿಳಿಸಿದಳು.

ಮರುದಿನ ಬೆಳಿಗ್ಗೆ ಸೂಜಿ ಬದಲಿಸಬೇಕಿತ್ತು. ಡಾಕ್ಟರು ಗಡಿಯಾರ ನೋಡುತ್ತಲೇ ಒಳಗೆ ಬಂದರು. "ತಾಯಿ ಹೊರಗಿರಲಿ. ಸಿಸ್ಟರ್, ಕೈ ಹಿಡೀರಿ."

ನರ್ಸು ಕುರ್ಚಿ ಎಳೆದು ತಾಯಿಯನ್ನು ಕೂರಿಸಿ, ಹುಡುಗಿಯನ್ನು ಅವಳ ಮಡಿಲಿಗೆ ಕೊಟ್ಟಳು.

"ನಾನು ಹಿಡಿಯಲ್ಲ ಡಾಕ್ಟ್ರೇ. ಅವರಮ್ಮ ಹಿಡ್ಕೋತಾರೆ. ನಾನು ಹತ್ತು ಎಣಿಸ್ತೀನಿ."

"ಒದ್ದಾಡಿದ್ರೆ?"

"ಒದ್ದಾಡಿದ್ರೆ ನಿಲ್ಲಿಸಿ ಮತ್ತೆ ಎಣಿಸೋಣ. ಅಮ್ಮನ್ನ ಮಾತ್ರ ಹೊರಗೆ ಕಳಿಸಲ್ಲ."