ಕನ್ನಡಿಯೊಳಗಿನ ಎಡಗೈ ವೀರರು

ನಮ್ಮ ಅಪ್ಪನ ಕ್ಷೌರದಂಗಡಿಯಲ್ಲಿ ಟಿವಿ ಇರುವುದು ಹಿಂದಿನ ಗೋಡೆಯ ಮೇಲೆ, ಕುರ್ಚಿಗಳ ಮುಖ ಕನ್ನಡಿಯ ಕಡೆಗೆ. ಹಾಗಾಗಿ ಕುಳಿತವರೂ ಕತ್ತರಿ ಹಿಡಿದವರೂ ಟಿವಿ ನೋಡುವುದು ಕನ್ನಡಿಯಲ್ಲೇ. ಅಕ್ಷರ ಉಲ್ಟಾ ಕಾಣುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಅದರಾಚೆಗೆ ಯಾರೂ ತಲೆ ಓಡಿಸಿರಲಿಲ್ಲ. ತಲೆ ಇದ್ದದ್ದು ಕತ್ತರಿಯ ಕೆಳಗೆ.

ನಮ್ಮವರು ಎಡಚರು. ಮದುವೆಯಾಗಿ ಅಂಗಡಿಗೆ ಬಂದ ದಿನವೇ ಅಪ್ಪ ಕಡ್ಡಿ ತುಂಡು ಮಾಡಿದಂತೆ ಹೇಳಿದ್ದರು: "ಎಡಗೈಲಿ ಯಾರ ಕೊರಳ ಹತ್ರಾನೂ ಹೋಗ್ಬೇಡಿ ಅಳಿಯಂದ್ರೆ. ಗಿರಾಕಿ ಹೆದರ್ಕೊಂಡು ಓಡ್ತಾನೆ." ಪಾಪ, ಬಲಗೈಯಲ್ಲಿ ಕತ್ತರಿಸಲು ಹೋಗಿ ಪಕ್ಕದಂಗಡಿಯ ದರ್ಜಿ ಮಾವನ ಕಿವಿಗೆ ಗಾಯ ಮಾಡಿದರು. ಅಲ್ಲಿಂದಾಚೆ ಬರೀ ತಲೆ ತೊಳೆಯುವ ಕೆಲಸ. ನನಗೋ ಹೊಟ್ಟೆ ಉರಿಯುತ್ತಿತ್ತು. ಮನೆಯಲ್ಲಿ ನನ್ನ ಕೂದಲನ್ನು ಅದೇ ಎಡಗೈಯಲ್ಲಿ ಎಷ್ಟು ಚೆಂದ ಕತ್ತರಿಸುತ್ತಾರೆ!

ಅಪ್ಪನನ್ನು ಒಪ್ಪಿಸಲು ನಮ್ಮವರು ಬಾಕ್ಸಿಂಗ್ ಹಿಡಿದರು. ಟಿವಿಯಲ್ಲಿ ಹಳೆಯ ಪಂದ್ಯ ಬಂದಾಗಲೆಲ್ಲ "ನೋಡಿ ಮಾವ, ಇವನೂ ಎಡಚ!" ಕನ್ನಡಿಯಲ್ಲಿ ನೋಡಿದರೆ ಮುಕ್ಕಾಲುಪಾಲು ಎಡಚರೇ. ಸಾರ್ವಕಾಲಿಕ ಶ್ರೇಷ್ಠ ಎಡಗೈ ಬಾಕ್ಸರ್ ಯಾರು ಎಂದು ಗಿರಾಕಿಗಳು ನೊರೆ ಬಳಿದ ಮುಖದಲ್ಲೇ ಜಗಳಕ್ಕಿಳಿದರು. ದರ್ಜಿ ಮಾವ 'ಗೂಳಿ' ಎಂದು ಹೆಸರಾದ ಬಾಕ್ಸರ್‌ನ ಕಡೆ, ನಮ್ಮವರು 'ಸುತ್ತಿಗೆ' ಎಂಬುವನ ಕಡೆ. ಕೊನೆಗೆ ಅಪ್ಪನೇ ತೀರ್ಪು ಕೊಟ್ಟರು: ಸುತ್ತಿಗೆ ಮೊದಲು, ಗೂಳಿ ಎರಡನೆಯವನು.

"ಎಡಗೈಲಿ ಏನೋ ಇದೆ ಬಿಡಿ. ಸೋಮವಾರದಿಂದ ಮೊದಲನೇ ಕುರ್ಚಿ ನಿಮ್ದು. ಯಾವ ಕೈಲಾದ್ರೂ ಮಾಡಿ."

ಆ ಸೋಮವಾರ ಬೆಳಿಗ್ಗೆಯೇ ಗಾಜಿನಂಗಡಿಯವನು ಬಂದು ಮಬ್ಬಾಗಿದ್ದ ಹಳೆ ಕನ್ನಡಿ ಕಿತ್ತು, ಹೊಸದು ತರಲು ಹೋದ. ನಾನು ಟೀ ತಂದಾಗ ಎಲ್ಲರೂ ಕುರ್ಚಿ ತಿರುಗಿಸಿಕೊಂಡು ಟಿವಿಯನ್ನೇ ನೋಡುತ್ತಿದ್ದರು. ಸುತ್ತಿಗೆಯ ಪಂದ್ಯ. ಅವನು ಎಡಗೈಯಲ್ಲಿ ಎದುರಾಳಿಯನ್ನು ಕೆಣಕಿ ಕೆಣಕಿ, ಬಲಗೈ ಬೀಸಿ ಮಲಗಿಸಿದ.

"ಇವತ್ತು ಎಡಗೈ ನೋವಿರ್ಬೇಕು" ಎಂದರು ದರ್ಜಿ ಮಾವ.

ಅಪ್ಪ ಟಿವಿ ನೋಡಿದರು. ತಿರುಗಿ, ಕನ್ನಡಿಯಿದ್ದ ಖಾಲಿ ಗೋಡೆ ನೋಡಿದರು. ಆಮೇಲೆ ಹೊಟ್ಟೆ ಹುಣ್ಣಾಗುವಂತೆ ನಗತೊಡಗಿದರು. "ಅಯ್ಯೋ, ಎಲ್ಲಾ ಬಲಗೈಯವ್ರೇ! ಸುತ್ತಿಗೆ ಹೋದ, ಗೂಳಿ ಹೋದ, ಒಬ್ರೂ ಉಳೀಲಿಲ್ಲ!"

ಆ ಪಂದ್ಯದಲ್ಲಿ ಎಡಚ ಅಂತ ಇದ್ದವನು ನೆಲದ ಮೇಲೆ ಮಲಗಿದ್ದವನೊಬ್ಬನೇ.

ನಮ್ಮವರು ನಗಲಿಲ್ಲ. ಎಡಗೈಯಲ್ಲಿದ್ದ ಕತ್ತರಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, ತಲೆ ತೊಳೆಯುವ ಬೇಸಿನ್ ಕಡೆಗೆ ನಡೆದರು. ನಾನು ಟೀ ಲೋಟವನ್ನು ಅಪ್ಪನ ಮುಂದೆ ಕುಕ್ಕಿದೆ.

ಅಪ್ಪನ ನಗು ನಿಂತಿತು. ಎದ್ದು ಹೋಗಿ ಮೊದಲನೇ ಕುರ್ಚಿಯಲ್ಲಿ ಕೂತರು.

"ಬನ್ನಿ ಅಳಿಯಂದ್ರೆ, ಶೇವ್ ಮಾಡಿ."

"ಕನ್ನಡಿ ಬರ್ಲಿ ಮಾವ."

"ಕನ್ನಡಿ ನಂಬಿದ್ದು ಸಾಕು."

"ಯಾವ... ಯಾವ ಕೈಲಿ?"

"ನನ್ನ ಮಗಳ ಕೂದಲು ಅಷ್ಟು ಚೆಂದ ಕತ್ತರಿಸ್ತೀರಲ್ಲ, ಆ ಕೈಲಿ. ನಂಗೇನು ಕಣ್ಣಿಲ್ವಾ?"

ನಮ್ಮವರು ನೊರೆ ಬಳಿದು, ಎಡಗೈಯಲ್ಲಿ ರೇಜರ್ ಹಿಡಿದರು. ಅಪ್ಪ ಕೊರಳು ಮೇಲೆತ್ತಿ ಕಣ್ಣು ಮುಚ್ಚಿದರು. ದರ್ಜಿ ಮಾವ ಕಿವಿ ಮುಟ್ಟಿಕೊಂಡರು. ಒಂದು ಕೆನ್ನೆ ಮುಗಿದು ರೇಜರ್ ಕೊರಳಿಗೆ ಬರುವಷ್ಟರಲ್ಲಿ ಅಪ್ಪ ಗೊರಕೆ ಹೊಡೆಯುತ್ತಿದ್ದರು.